ನಾಲ್ಕು ಚಕ್ರದ ವಾಕರ್: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ರೋಲೇಟರ್ ಎಂದರೆ ನಾಲ್ಕು ಚಕ್ರ, ಎರಡು ಕೈಬ್ರೇಕ್, ನಡುವೆ ಒಂದು ಸೀಟು ಇರುವ ವಾಕರ್. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆಯಲು ಆಗುತ್ತದೆ, ಆದರೆ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ, ಆ ಒಂದೇ ಕಾರಣಕ್ಕೆ ಸಂಗೀತ ಕಛೇರಿ, ವಸ್ತುಸಂಗ್ರಹಾಲಯ, ಗ್ರಂಥಾಲಯ ಎಲ್ಲವನ್ನೂ ಬಿಟ್ಟು ಮನೆಯಲ್ಲೇ ಉಳಿದಿರುವ ಹಿರಿಯರಿಗೆ ಇದರಷ್ಟು ಉಪಯೋಗಕ್ಕೆ ಬರುವ ಸಾಧನ ಇನ್ನೊಂದಿಲ್ಲ. ಮೈಭಾರವನ್ನೆಲ್ಲ ಊರಿಯೇ ಹೆಜ್ಜೆ ಇಡಬೇಕಾದವರಿಗೆ ಮಾತ್ರ ಇದು ಬೇಡವೇ ಬೇಡ. ಭಾರ ಬಿದ್ದೊಡನೆ ಚಕ್ರ ಮುಂದಕ್ಕೆ ಓಡುತ್ತದೆ. ಅಂಥವರಿಗೆ ಚಕ್ರವಿಲ್ಲದ ಹಳೆಯ ನಾಲ್ಕು ಕಾಲಿನ ವಾಕರೇ ಸರಿ.

ಕೊಳ್ಳುವ ದಿನ ಕಣ್ಣಿಗೆ ಬೀಳುವುದು ಬಣ್ಣ, ಬುಟ್ಟಿ, ಲೋಟ ಇಡುವ ಜಾಗ. ಬಳಸುತ್ತ ಹೋದಂತೆ ಲೆಕ್ಕಕ್ಕೆ ಬರುವುದು ಹಿಡಿಕೆಯ ಎತ್ತರ ಮತ್ತು ಬ್ರೇಕು, ಇವೆರಡೇ.

ಎತ್ತರವನ್ನು ಅಳೆಯುವಾಗ ಹೊರಗೆ ಹಾಕಿಕೊಳ್ಳುವ ಪಾದರಕ್ಷೆ ಹಾಕಿಕೊಂಡೇ ನೆಟ್ಟಗೆ ನಿಲ್ಲಬೇಕು. ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿಯಷ್ಟು ಮಡಿಸಿರುತ್ತದೆ. ಹಿಡಿಕೆ ಹೆಚ್ಚು ಎತ್ತರವಿದ್ದರೆ ಭುಜ ಮೇಲೇರಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ತಗ್ಗಾಗಿದ್ದರೆ ಇನ್ನೂ ಕೆಟ್ಟದ್ದು: ಬೆನ್ನು ಬಾಗುತ್ತದೆ, ಭಾರ ಮುಂದಕ್ಕೆ ವಾಲುತ್ತದೆ, ವಾಕರ್ ಮುಂದೆ ಮುಂದೆ, ಮನುಷ್ಯ ಹಿಂದೆ ಹಿಂದೆ. ವಾಕರ್ ಹಿಡಿದರೆ ಗೂನಾಗುತ್ತದೆ ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಈ ತಗ್ಗಿದ ಹಿಡಿಕೆಯೇ. ನಡೆಯುವಾಗ ಪಾದಗಳು ಹಿಂದಿನ ಎರಡು ಚಕ್ರಗಳ ನಡುವೆ ಬೀಳಬೇಕು, ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ಮೂರು ನಾಲ್ಕು ಮೀಟರ್ ಆಚೆ ಇರಬೇಕು. ಎರಡೂ ಬದಿಯ ಕೊಳವೆಗಳ ತೂತುಗಳು ಒಂದೇ ಸಂಖ್ಯೆಯಲ್ಲಿ ಕೂತಿವೆಯೇ ಎಂದು ಎಣಿಸಿ ನೋಡಿ. ಒಂದು ತೂತು ಹೆಚ್ಚುಕಡಿಮೆಯಾದರೂ ವಾಕರ್ ಒಂದು ಕಡೆಗೆ ಎಳೆಯುತ್ತದೆ.

ಇನ್ನು ಬ್ರೇಕ್. ಲಿವರನ್ನು ಬೆರಳಿಂದ ಮೇಲಕ್ಕೆ ಒತ್ತಿ ಹಿಡಿದರೆ ವೇಗ ತಗ್ಗುತ್ತದೆ, ಕೆಳಕ್ಕೆ ತಳ್ಳಿದರೆ ಟಕ್ಕೆಂದು ಕೂತು ಚಕ್ರ ಬಿಗಿಯುತ್ತದೆ. ಒಳಗಿನ ವ್ಯವಸ್ಥೆ ಸರಳ: ಕೇಬಲ್ ಎಳೆದಾಗ ಒಂದು ಪುಟ್ಟ ಪ್ಯಾಡ್ ಹಿಂದಿನ ಚಕ್ರದ ಟೈರಿಗೆ ಒತ್ತಿಕೊಳ್ಳುತ್ತದೆ. ತೊಂದರೆಯೂ ಅಲ್ಲಿಂದಲೇ. ಹೊಸ ಕೇಬಲ್ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ. ಆಮೇಲೆ ಟೈರು ಸವೆದಂತೆಲ್ಲ ಪ್ಯಾಡಿಗೂ ಟೈರಿಗೂ ನಡುವಿನ ಸಂದು ಅಗಲವಾಗುತ್ತ ಹೋಗುತ್ತದೆ. ಲಿವರ್ ಮೊದಲಿನ ಹಾಗೆಯೇ ಟಕ್ಕೆನ್ನುತ್ತದೆ, ಚಕ್ರ ಮಾತ್ರ ನಿಧಾನವಾಗಿ ತಿರುಗುತ್ತದೆ. ಶಬ್ದ ಕೇಳಿಸಿತೆಂದು ನಂಬಿ ಸೀಟಿನ ಮೇಲೆ ಕೂತವರು ಬೀಳುವುದು ಹೀಗೆ.

ಪರೀಕ್ಷೆಗೆ ಒಂದು ನಿಮಿಷ ಸಾಕು. ಎರಡೂ ಬ್ರೇಕ್ ಬಿಗಿದು ವಾಕರನ್ನು ಮುಂದಕ್ಕೆ ತಳ್ಳಿ. ಹಿಂದಿನ ಚಕ್ರಗಳು ಜಾರಿದರೆ ಅಡ್ಡಿಯಿಲ್ಲ, ತಿರುಗಬಾರದು. ತಿರುಗಿದರೆ ಕೇಬಲಿನ ಹೊರಕವಚ ಸೇರುವ ಜಾಗದಲ್ಲಿ, ಕೆಲವು ಮಾದರಿಗಳಲ್ಲಿ ಹಿಡಿಕೆಯ ಬಳಿ, ಕೆಲವಲ್ಲಿ ಚಕ್ರದ ಬಳಿ, ಒಂದು ಟೊಳ್ಳು ಸ್ಕ್ರೂ ಮತ್ತು ಅದನ್ನು ಬಿಗಿದ ನಟ್ ಇರುತ್ತದೆ. ನಟ್ ಸಡಿಲಿಸಿ, ಸ್ಕ್ರೂ ಹೊರಕ್ಕೆ ಬರುವಂತೆ ಅರ್ಧ ಸುತ್ತು ತಿರುಗಿಸಿ, ಮತ್ತೆ ತಳ್ಳಿ ನೋಡಿ. ಸಾಲದಿದ್ದರೆ ಇನ್ನರ್ಧ ಸುತ್ತು. ಸರಿಹೋದ ಮೇಲೆ ನಟ್ ಬಿಗಿಯಲು ಮರೆತರೆ ಒಂದು ವಾರದೊಳಗೆ ಮತ್ತೆ ಅದೇ ಕಥೆ. ಅತಿಯಾಗಿ ಎಳೆದರೂ ಕಷ್ಟ: ಬ್ರೇಕ್ ಬಿಟ್ಟಾಗಲೂ ಪ್ಯಾಡ್ ತಾಗುತ್ತಿದ್ದರೆ ತಳ್ಳಲು ಭಾರವಾಗುತ್ತದೆ, ಒಂದೇ ಬದಿ ತಾಗುತ್ತಿದ್ದರೆ ಆ ಬದಿಗೆ ತಿರುಗುತ್ತದೆ. ಟೈರು ಒದ್ದೆಯಾದಾಗ ಹಿಡಿತ ಕಡಿಮೆಯಾಗುವುದನ್ನು ಯಾವ ಹೊಂದಾಣಿಕೆಯೂ ತಪ್ಪಿಸಲಾರದು. ಮಳೆಯಲ್ಲಿ ಇಳಿಜಾರನ್ನು ಬಿಟ್ಟು ಸುತ್ತುದಾರಿ ಹಿಡಿಯುವುದೇ ಜಾಣತನ.

ಸೀಟಿನ ವಿಷಯಕ್ಕೆ ಬರೋಣ, ಏಕೆಂದರೆ ಈ ಸಾಧನದ ಬೆಲೆ ತಿಳಿಯುವುದು ಅಲ್ಲಿ. ಪೋಲಿಯೊದಿಂದ ನಡಿಗೆ ಕಷ್ಟವಾಗಿದ್ದ ಸ್ವೀಡನ್ನಿನ ಐನಾ ವಿಫಾಲ್ಕ್ 1978ರಲ್ಲಿ ಇದನ್ನು ರೂಪಿಸಿದರು. ನಡೆದು, ಕೂತು, ಮತ್ತೆ ನಡೆಯುವುದು ಯಾಕೆ ಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಸೀಟಿನ ಎತ್ತರ ಸಾಮಾನ್ಯವಾಗಿ 45ರಿಂದ 60 ಸೆಂಟಿಮೀಟರ್ ಒಳಗಿರುತ್ತದೆ, ಹಲವು ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದ ಕೂತು ನೋಡದೆ ಕೊಳ್ಳಬಾರದು. ಕೂರುವ ಕ್ರಮವೂ ಒಂದಿದೆ: ನಿಲ್ಲಿಸಿ, ಎರಡೂ ಬ್ರೇಕ್ ಬಿಗಿದು, ಹಿಡಿಕೆ ಹಿಡಿದುಕೊಂಡೇ ತಿರುಗಿ, ಕಾಲಿನ ಹಿಂಭಾಗಕ್ಕೆ ಸೀಟು ತಾಗಿದ ಮೇಲೆ ಕೂರಬೇಕು. ಬೆನ್ನ ಹಿಂದಿನ ಪಟ್ಟಿ ಒರಗಿ ನಿದ್ದೆ ಮಾಡಲಿಕ್ಕಲ್ಲ, ಹಿಂದಕ್ಕೆ ಉರುಳದಂತೆ ತಡೆಯಲಿಕ್ಕೆ.

ಕೂತವರನ್ನು ತಳ್ಳಿಕೊಂಡು ಹೋಗುವುದು ತೀರಾ ಸಾಮಾನ್ಯವಾದ, ತೀರಾ ಅಪಾಯದ ಅಭ್ಯಾಸ. ಇದು ಗಾಲಿಕುರ್ಚಿಯಲ್ಲ. ಪುಟ್ಟ ಚಕ್ರ ಒಂದು ಹೊಸ್ತಿಲಿಗೆ ಸಿಕ್ಕಿದರೆ ಸಾಕು, ಕೂತವರು ಸಮೇತ ಮಗುಚುತ್ತದೆ.

1916ರಲ್ಲೇ ಬಾಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್, ಪ್ರದರ್ಶನ ನೋಡುವವರು ಎಷ್ಟೆಲ್ಲ ಬಗ್ಗಿ, ಕುಕ್ಕರಿಸಿ, ಕುತ್ತಿಗೆ ಚಾಚಿ ದಣಿಯುತ್ತಾರೆ ಎಂಬುದನ್ನು ಫೋಟೊ ತೆಗೆದು ತೋರಿಸಿದ್ದರು. ಆ ದಣಿವಿಗೆ ಈ ಸೀಟು ಅರ್ಧ ಪರಿಹಾರ, ಪೂರ್ತಿಯಲ್ಲ. ಗೋಡೆಯ ಮೇಲಿನ ಚಿತ್ರಗಳನ್ನು ನಿಂತವರ ಕಣ್ಣಿನ ಮಟ್ಟಕ್ಕೆ, ಸುಮಾರು 150 ಸೆಂಟಿಮೀಟರಿಗೆ ಮಧ್ಯ ಬರುವಂತೆ ತೂಗುಹಾಕುವುದು ರೂಢಿ. ಕೂತವರ ಕಣ್ಣು 120ರ ಆಸುಪಾಸಿನಲ್ಲಿರುತ್ತದೆ. ಹತ್ತಿರ ಕೂತರೆ ಗಾಜಿನಲ್ಲಿ ದೀಪವೇ ಕಾಣುತ್ತದೆ. ಎರಡು ಮೂರು ಮೀಟರ್ ಹಿಂದೆ ಸರಿದು, ಸ್ವಲ್ಪ ಓರೆಯಾಗಿ ಕೂತರೆ ಪ್ರತಿಫಲನ ತಪ್ಪುತ್ತದೆ. ವಿವರಣೆಯ ಫಲಕವನ್ನು ನಿಂತಿರುವಾಗಲೇ ಓದಿಕೊಂಡು ಆಮೇಲೆ ಹಿಂದೆ ಸರಿಯುವುದು ಅನುಕೂಲ. ಎಲ್ಲ ಕೋಣೆಗಳನ್ನೂ ಮುಗಿಸುವ ಹಟ ಬಿಟ್ಟು, ಎರಡು ಕೋಣೆ ಆರಿಸಿಕೊಂಡು ಒಂದೊಂದು ಚಿತ್ರದೆದುರು ಹತ್ತು ನಿಮಿಷ ಕೂರುವವರಿಗೆ ಈ ಸಾಧನ ಹೇಳಿ ಮಾಡಿಸಿದಂತಿದೆ.

ಸಭಾಂಗಣದ ಲೆಕ್ಕ ಬೇರೆ. ನಡುದಾರಿ ಸಾಮಾನ್ಯವಾಗಿ ವೇದಿಕೆಯ ಕಡೆಗೆ ಇಳಿಜಾರಾಗಿರುತ್ತದೆ. ಬ್ರೇಕನ್ನು ಅರ್ಧ ಒತ್ತಿಕೊಂಡೇ ಸಣ್ಣ ಹೆಜ್ಜೆಯಲ್ಲಿ ಇಳಿಯಬೇಕು, ದೀಪ ಆರುವ ಮೊದಲೇ ಜಾಗ ಸೇರಿರಬೇಕು. ಸಾಲಿನ ತುದಿಯ ಆಸನ ಕೇಳಿ ಪಡೆಯಿರಿ. ವಾಕರ್ ಬಿಟ್ಟು ಆಸನಕ್ಕೆ ಸರಿಯುವಾಗ ಕೈ ಊರಬೇಕಾದದ್ದು ಕುರ್ಚಿಯ ತೋಳಿನ ಮೇಲೆ, ವಾಕರಿನ ಮೇಲಲ್ಲ. ವಾಕರನ್ನು ದಾರಿಯಲ್ಲಿ ನಿಲ್ಲಿಸುವಂತಿಲ್ಲ, ತುರ್ತು ನಿರ್ಗಮನಕ್ಕೆ ಅಡ್ಡವಾಗುತ್ತದೆ. ಇಲ್ಲಿ ಮಡಚುವ ಬಗೆ ಮುಖ್ಯವಾಗುತ್ತದೆ. ಎಡಬಲದಿಂದ ಒಳಕ್ಕೆ ಮಡಚುವ ಮಾದರಿ ಕಿರಿದಾಗಿ, ಬಹುತೇಕ ತಾನೇ ನೆಟ್ಟಗೆ ನಿಲ್ಲುತ್ತದೆ. ಮುಂದಿನಿಂದ ಹಿಂದಕ್ಕೆ ಮಡಚುವುದು ಮಡಚಿದ ಮೇಲೂ ಅಷ್ಟೇ ಅಗಲ, ಹಲವು ಸಲ ಗೋಡೆಗೆ ಒರಗಿಸಬೇಕಾಗುತ್ತದೆ. ಶ್ರವಣಯಂತ್ರ ಬಳಸುವವರು, ಕಿವಿಯ ಚಿತ್ರದ ಪಕ್ಕ ಟಿ ಅಕ್ಷರವಿರುವ ಫಲಕ ಇದೆಯೇ ನೋಡಿ, ಇದ್ದರೆ ಯಂತ್ರವನ್ನು ಟೆಲಿಕಾಯಿಲ್‌ಗೆ, ಅಂದರೆ ಸಭಾಂಗಣದ ಧ್ವನಿಯನ್ನು ನೇರವಾಗಿ ಹಿಡಿಯುವ ಅದರೊಳಗಿನ ಸುರುಳಿಗೆ, ಬದಲಿಸಿಕೊಳ್ಳಿ. ಎಲ್ಲೆಲ್ಲೋ ಕೂತರೆ ಆ ಸೌಲಭ್ಯ ಸಿಗದು, ಯಾವ ಸಾಲುಗಳಿಗೆ ಇದೆ ಎಂದು ಮೊದಲೇ ವಿಚಾರಿಸಬೇಕು.

ಚಕ್ರದ ಗಾತ್ರದಲ್ಲಿ ಜಿಪುಣತನ ಬೇಡ. 15 ಸೆಂಟಿಮೀಟರಿನದು ನುಣುಪು ನೆಲಕ್ಕೆ ಸಾಕು, ಹೊರಗೆ ಹೋಗುವವರಿಗೆ 20 ಸೆಂಟಿಮೀಟರ್ ಕನಿಷ್ಠ. ಗಟ್ಟಿ ಪ್ಲಾಸ್ಟಿಕ್ ಟೈರಾದರೆ ಕಲ್ಲುಹಾಸಿನ ಅದುರಾಟವೆಲ್ಲ ಮಣಿಕಟ್ಟಿಗೆ ಬರುತ್ತದೆ, ಬೆರಳಿನ ಕೀಲುನೋವಿದ್ದವರಿಗೆ ಮೃದು ಟೈರು ಮತ್ತು ಅಂಗೈ ಪೂರ್ತಿ ಕೂರುವ ಚಪ್ಪಟೆ ಹಿಡಿಕೆ ಬೇಕೇ ಬೇಕು. ಜಲ್ಲಿಯ ಮೇಲೆ ಯಾವ ಚಕ್ರವೂ ಚೆನ್ನಾಗಿ ಓಡದು. ಪಾದಚಾರಿ ದಾರಿಯ ಅಂಚು ಹತ್ತಲು ನೇರವಾಗಿ ಎದುರು ನಿಂತು, ಬ್ರೇಕ್ ಒತ್ತಿ ಹಿಡಿದು ಹಿಡಿಕೆಯನ್ನು ಕೆಳಕ್ಕೆ ಅದುಮಿದರೆ ಮುಂದಿನ ಚಕ್ರಗಳು ಮೇಲೇಳುತ್ತವೆ. ಓರೆಯಾಗಿ ಹತ್ತಿಸಿದರೆ ವಾಲುತ್ತದೆ. ಎಸ್ಕಲೇಟರ್ ಹತ್ತುವ ಮಾತೇ ಬೇಡ. ಅಲ್ಯೂಮಿನಿಯಂ ಚೌಕಟ್ಟಿನವು 6ರಿಂದ 8 ಕಿಲೊ ತೂಗುತ್ತವೆ, ವಾಹನಕ್ಕೆ ಎತ್ತಿಹಾಕುವವರು ಯಾರು ಎಂದು ಯೋಚಿಸಿ ಆರಿಸಿ. ರೋಲೇಟರ್‌ಗಳಿಗೆಂದೇ ಐಎಸ್‌ಒ 11199-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಚೌಕಟ್ಟಿನ ಚೀಟಿಯಲ್ಲಿ ಅದು, ಜೊತೆಗೆ ಬಳಸುವವರ ಗರಿಷ್ಠ ತೂಕ ಇಲ್ಲದಿದ್ದರೆ ಮುಟ್ಟಬೇಡಿ.

ಸಾಮಾನು ಬುಟ್ಟಿಯಲ್ಲೇ ಇರಲಿ. ಹಿಡಿಕೆಗೆ ಚೀಲ ನೇತುಹಾಕಿದರೆ ತೂಕ ಮೇಲಕ್ಕೇರಿ ವಾಲುತ್ತದೆ, ಚೀಲದ ಹಿಡಿ ಬ್ರೇಕ್ ಕೇಬಲಿಗೂ ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮುಂದಿನ ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ ಬಿಡಿಸಬೇಕು. ಚಕ್ರ ನಡುಗುತ್ತದೆ, ಕಿರುಗುಟ್ಟುತ್ತದೆ ಎಂಬ ದೂರು ಹೆಚ್ಚಾಗಿ ಇಷ್ಟಕ್ಕೇ ಮುಗಿಯುತ್ತದೆ.

ಒಂದು ಕೈ ದುರ್ಬಲವಾಗಿದ್ದವರಿಗೆ ಒಂದೇ ಲಿವರ್ ಎರಡೂ ಚಕ್ರ ಹಿಡಿಯುವ ಮಾದರಿ ಸಿಗುತ್ತದೆ. ಪಾರ್ಕಿನ್‌ಸನ್ ಇದ್ದು ಹೆಜ್ಜೆ ತಾನಾಗಿ ಓಡತೊಡಗುವವರಿಗೆ ಸಾಮಾನ್ಯ ರೋಲೇಟರ್ ಅಪಾಯ. ಲಿವರ್ ಒತ್ತಿದಾಗ ಚಲಿಸಿ, ಬಿಟ್ಟರೆ ನಿಲ್ಲುವ ಉಲ್ಟಾ ಬ್ರೇಕಿನದನ್ನು ಫಿಸಿಯೊಥೆರಪಿಸ್ಟ್ ಜೊತೆ ನೋಡಿ ಆರಿಸಬೇಕು. ಬ್ರೇಕ್ ಹಾಕುವುದನ್ನೇ ಮರೆಯುವಷ್ಟು ನೆನಪು ಕುಂದಿದ್ದರೆ ಒಂಟಿಯಾಗಿ ಬಳಸಲು ಬಿಡಬಾರದು.

ಇದು ಮಾಡಲಾಗದ ಕೆಲಸವೂ ಒಂದಿದೆ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲದ ವ್ಯಾಯಾಮ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ನಡಿಗೆಯ ಪಾಲಿಗೆ ರೋಲೇಟರ್ ನೆರವಾಗುತ್ತದೆ, ಸಮತೋಲವನ್ನು ಅದು ಬೆಳೆಸುವುದಿಲ್ಲ. ಗೋಡೆಗೆ ಒತ್ತಿಸಿದ ಗಟ್ಟಿ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ಬೇರೆಯಾಗಿ ಮಾಡಲೇಬೇಕು. ಅದಕ್ಕೆ ರೋಲೇಟರಿನ ಸೀಟನ್ನು ಬಳಸಬೇಡಿ.

ಕೊಳ್ಳುವ ಮುನ್ನ ಮಾರುವವರನ್ನು ಕೇಳಬೇಕಾದದ್ದು: ಬ್ರೇಕ್ ಪ್ಯಾಡ್, ಕೇಬಲ್, ಹಿಂದಿನ ಚಕ್ರ ಬಿಡಿಯಾಗಿ ಸಿಗುತ್ತವೆಯೇ? ಮೊದಲು ಸವೆಯುವುದು ಈ ಮೂರೇ. ಸಿಗುವುದಿಲ್ಲ ಎಂದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಬೇರೆ ಮಾದರಿ ನೋಡಿ.