ಆಲೆಮನೆಯಲ್ಲಿ ಒಂದು ಕಿರುಚಿತ್ರ, ಒಂದು ಉಚಿತ ಆ್ಯಪ್: ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ

ನನ್ನ ಸೋದರಮಾವನ ಆಲೆಮನೆ ಪಾಂಡವಪುರದ ಹತ್ತಿರ ಇದೆ. ಅದರ ಬಗ್ಗೆ ನಾಲ್ಕೈದು ನಿಮಿಷದ ಒಂದು ಚಿತ್ರ ಮಾಡಬೇಕು ಅಂತ ಈ ವರ್ಷ ಪಟ್ಟು ಹಿಡಿದೆ. ಸಿನಿಮಾ ಹುಚ್ಚು ಮೊದಲಿಂದಲೂ ಇತ್ತು, ಕೈ ಹಾಕಿದ್ದು ಈಗ. ಕ್ಯಾಮೆರಾ ಕೊಂಡಿಲ್ಲ. ಕೈಯಲ್ಲಿದ್ದ ಐಫೋನ್, ಮೈಸೂರಿನಿಂದ ಬಾಡಿಗೆಗೆ ತಂದ ಟ್ರೈಪಾಡ್, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನೋ ಆ್ಯಪ್, ಇಷ್ಟೇ ಬಂಡವಾಳ. ಆ್ಯಪ್‌ಗೆ ದುಡ್ಡು ಕೊಡಬೇಕಾಗಿಲ್ಲ. 2023ರಲ್ಲಿ ಐಫೋನಿಗೆ ಬಂತು, 2024ರಲ್ಲಿ ಆಂಡ್ರಾಯ್ಡ್‌ಗೂ ಬಂತು. ಎಲ್ಲ ಆಂಡ್ರಾಯ್ಡ್ ಫೋನಲ್ಲೂ ನಡೆಯುವುದಿಲ್ಲ, ನಿಮ್ಮ ಫೋನಿಗೆ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಮೊದಲ ದಿನ ಫೋನಿನ ಮಾಮೂಲಿ ಕ್ಯಾಮೆರಾದಲ್ಲೇ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಹೊಟ್ಟೆ ಉರಿಯಿತು. ಕೊಪ್ಪರಿಗೆಯಿಂದ ಹಬೆ ಎದ್ದಾಗಲೆಲ್ಲ ಚಿತ್ರ ಮಂಕಾಗುತ್ತಿತ್ತು, ಹಬೆ ಸರಿದರೆ ಮತ್ತೆ ಬೆಳ್ಳಗೆ. ಒಲೆಗೆ ರಚ್ಚು (ರಸ ತೆಗೆದ ಕಬ್ಬಿನ ಸಿಪ್ಪೆ) ತುಂಬಿ ಬೆಂಕಿ ಭುಗಿಲೆದ್ದರೆ ಹಿಂದಿನ ಗೋಡೆಯ ಬಣ್ಣವೇ ಬದಲಾಗುತ್ತಿತ್ತು, ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದರಲ್ಲಂತೂ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಓಡುತ್ತಿದ್ದವು. ಬೆಳಕು, ಬಣ್ಣ, ಫೋಕಸ್ ಎಲ್ಲವನ್ನೂ ಫೋನು ತಾನೇ ಕ್ಷಣಕ್ಷಣಕ್ಕೂ ಸರಿ ಮಾಡಲು ಹೋಗುವುದರಿಂದ ಹೀಗಾಗುತ್ತದೆ.

ಈ ಆ್ಯಪ್‌ನಲ್ಲಿ ಅದೆಲ್ಲ ನಮ್ಮ ಕೈಗೆ ಬರುತ್ತದೆ. ಪರದೆಯ ಮೇಲ್ಗಡೆ ಫ್ರೇಮ್ (ಸೆಕೆಂಡಿಗೆ ಎಷ್ಟು ಚಿತ್ರ), ಶಟರ್ (ಒಂದೊಂದು ಚಿತ್ರಕ್ಕೂ ಎಷ್ಟು ಹೊತ್ತು ಬೆಳಕು), ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಸಾಲಾಗಿ ಕಾಣುತ್ತವೆ, ಮುಟ್ಟಿ ಬದಲಾಯಿಸಿದರೆ ಆಯಿತು. ನಾನು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟೆ. ಇದಕ್ಕೆ ಕಾರಣ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಗೆ ಗೊತ್ತಾಗುತ್ತದೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುವುದರಿಂದ ಪಟ್ಟೆ ಮಾಯ. ಅಮೆರಿಕದವರ ವಿಡಿಯೋ ನೋಡಿ 30 ಫ್ರೇಮ್, 1/60 ಇಟ್ಟುಕೊಳ್ಳಬೇಡಿ, ಅವರ ಕರೆಂಟು 60 ಹರ್ಟ್ಸ್. ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ ಕಟ್ಟಿಹಾಕಿದೆ. ಬೆಂಕಿ ಬೆಂಕಿಯ ಬಣ್ಣದಲ್ಲೇ ಉಳಿಯಿತು, ಗೋಡೆ ಗೋಡೆಯ ಬಣ್ಣದಲ್ಲಿ.

ನನಗೆ ಬೇಕಿದ್ದ ಮುಖ್ಯ ಶಾಟ್ ಒಂದೇ. ಮಾವ ಪಾಕದ ಹದ ನೋಡುವುದು. ಕುದಿಯುವ ಪಾಕ ಸ್ವಲ್ಪ ತೆಗೆದು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹೊರಳಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಇದರಲ್ಲಿ ಫೋಕಸ್ ಅಸಿಸ್ಟ್ ಅಂತ ಇದೆ, ಚೂಪಾಗಿರುವ ಅಂಚಿಗೆ ಬಣ್ಣ ಮೂಡುತ್ತದೆ, ಅದನ್ನು ನೋಡಿಕೊಂಡು ನೀರಿನ ಬಟ್ಟಲಿನ ಅಂಚಿಗೆ ಫೋಕಸ್ ಇಟ್ಟು ಬಿಗಿ ಮಾಡಿದೆ. "ಪಾಕ ನಿಂಗೋಸ್ಕರ ಕಾಯಾಕಿಲ್ಲ ಕಣ್ಲಾ, ನೀನೇ ಕಾಯ್ಬೇಕು" ಅಂದರು ಮಾವ. ಎರಡು ಗಂಟೆಗೂ ಜಾಸ್ತಿ ಕಾದೆ. ಕೊನೆಗೆ ಸಿಕ್ಕಿತು. ಬೆರಳ ನಡುವೆ ಪಾಕ ಉಂಡೆ ಕಟ್ಟುವುದು, ಅವರ ಹೆಬ್ಬೆರಳ ಉಗುರಂಚಲ್ಲಿ ಅಂಟಿಕೊಂಡ ಹಳೇ ಬೆಲ್ಲ ಕೂಡ ಕಾಣುತ್ತದೆ.

ಬಿಸಿಲಲ್ಲಿ ಮಾತ್ರ ಆ್ಯಪ್ ಒಂದೇ ಸಾಲದು. ಐಫೋನ್ ಲೆನ್ಸಿನ ಕಿಂಡಿ ಹಿರಿದು ಕಿರಿದು ಮಾಡಲು ಬರುವುದಿಲ್ಲ, ಹಾಗಾಗಿ ನಡುಮಧ್ಯಾಹ್ನ ಕಬ್ಬಿನ ಗದ್ದೆಯಲ್ಲಿ ಚಲನೆ ಸಹಜವಾಗಿ ಕಾಣಲಿ ಅಂತ ಅದೇ 1/50 ಇಟ್ಟರೆ ಐಎಸ್ಒ ಎಷ್ಟು ಇಳಿಸಿದರೂ ಆಕಾಶ ಪೂರ್ತಿ ಬಿಳಿ. ಎನ್‌ಡಿ ಫಿಲ್ಟರ್ ಬೇಕು, ಫೋನಿಗೆ ಹಾಕುವ ಕಪ್ಪು ಕನ್ನಡಕ ಅಂದುಕೊಳ್ಳಿ. ನನ್ನ ಹತ್ತಿರ ಇರಲಿಲ್ಲ, ಗದ್ದೆಯ ಶಾಟೆಲ್ಲ ಬೆಳಗ್ಗೆ ಆರೂವರೆಗೆ ತೆಗೆದೆ.

ಫೈಲಿನ ವಿಷಯದಲ್ಲೂ ಹುಷಾರು. ಪ್ರೋರೆಸ್ (ವೃತ್ತಿಪರರು ಬಳಸುವ ಭಾರೀ ಫೈಲಿನ ಬಗೆ) ಆರಿಸಿದರೆ 4ಕೆ, 30 ಫ್ರೇಮಲ್ಲಿ ನಿಮಿಷಕ್ಕೆ ಸುಮಾರು 6 ಜಿಬಿ ನುಂಗುತ್ತದೆ. ಹವ್ಯಾಸಕ್ಕೆ ಎಚ್ಇವಿಸಿ ಅನ್ನೋ ಚಿಕ್ಕ ಫೈಲಿನ ಬಗೆ ಸಾಕು.

ಧ್ವನಿಯಲ್ಲಿ ಪೆಟ್ಟು ತಿಂದೆ. ಒಂದು ಅಂಗಡಿಯಿಂದ ವೈರ್‌ಲೆಸ್ ಮೈಕು ಬಾಡಿಗೆಗೆ ತಂದಿದ್ದೆ. ಅರ್ಧ ಗಂಟೆಗೆ ಬ್ಯಾಟರಿ ಸತ್ತಿತು, ವಾಪಸ್ ಕೊಟ್ಟಾಗ ಒಂದು ರೂಪಾಯಿಯೂ ಬಿಡಲಿಲ್ಲ. ನನಗೆ ತುಂಬ ಬೇಜಾರಾಯಿತು. ಏನೇ ಬಾಡಿಗೆಗೆ ತಂದರೂ ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿ ಹತ್ತು ನಿಮಿಷ ಓಡಿಸಿ ನೋಡಿ. ಆಮೇಲೆ ಹೆಂಡತಿಯ ಫೋನನ್ನು ಕೊಪ್ಪರಿಗೆಯಿಂದ ಸ್ವಲ್ಪ ದೂರ ಇಟ್ಟು ಸುಮ್ನೆ ಸದ್ದು ಮಾತ್ರ ರೆಕಾರ್ಡ್ ಮಾಡಿದೆ. ಗಾಣ ನಿಂತ ಮೇಲೆ ಪಾಕ ಕೊತಕೊತ ಕುದಿಯುವ ಸದ್ದು ಇದೆಯಲ್ಲ, ಚಿತ್ರಕ್ಕೆ ಜೀವ ಬಂದಿದ್ದೇ ಅದರಿಂದ.

ಎಡಿಟಿಂಗ್ ಈ ಆ್ಯಪ್ ಮಾಡಿದ ಕಂಪನಿಯದೇ ಆದ ಡಾವಿಂಚಿ ರಿಸಾಲ್ವ್‌ನಲ್ಲಿ, ಅದೂ ಉಚಿತ ಆವೃತ್ತಿಯಲ್ಲಿ. ನಮ್ಮಂಥವರಿಗೆ ಅದೇ ಜಾಸ್ತಿ. ಲ್ಯಾಪ್‌ಟಾಪ್ ಮಾತ್ರ ಗಟ್ಟಿ ಇರಬೇಕು.

ಹೋದ ಭಾನುವಾರ ಮಾವನ ಮನೆ ಟಿವಿಯಲ್ಲಿ ಹಾಕಿ ತೋರಿಸಿದೆ. ಹದ ನೋಡುವ ಶಾಟ್ ಬಂದಾಗ ಮಾವ ಮುಂದಕ್ಕೆ ಬಾಗಿ, "ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ. ಪಾಕದ ಬಣ್ಣವನ್ನೇ ದಿಟ್ಟಿಸಿ ನೋಡಿ, "ಅವತ್ತು ಹದ ಒಂಚೂರು ಮುಂದ್ಕೋಗಿತ್ತು ಕಣ್ಲಾ" ಅಂದರು.