ಕೇನ್‌ರ 9-9-9, ಪೆರಿಯವರ 20%: ಯಾವುದರ ಪರ ವಾದಿಸಲಿ?

2012ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಸ್ಪರ್ಧೆಯಲ್ಲಿ ಇಬ್ಬರು ಸ್ಪರ್ಧಿಗಳು ಮುಂದಿಟ್ಟ ಈ ಎರಡು ತೆರಿಗೆ ಯೋಜನೆಗಳಲ್ಲಿ ಚರ್ಚಾಸ್ಪರ್ಧೆಗೆ ಯಾವುದು ಎಂದು ಕೇಳಿದ್ದೀರಿ. ಮಾತಿಗೆ ಸಲೀಸು ಹರ್ಮನ್ ಕೇನ್: ವ್ಯಾಪಾರ, ಆದಾಯ, ಖರೀದಿ ಮೂರಕ್ಕೂ ತಲಾ 9%. ರಿಕ್ ಪೆರಿ ಆದಾಯಕ್ಕೆ ಒಂದೇ ದರ, 20% ಎಂದರೂ, ಬೇಕಾದವರು ಆರಿಸಿಕೊಳ್ಳಲೆಂದು ಹಳೆಯ ಪದ್ಧತಿಯನ್ನೂ ಉಳಿಸಿದ್ದರಿಂದ ಜನ ಎರಡೆರಡು ಲೆಕ್ಕ ಹಾಕಬೇಕಿತ್ತು.

ಮನೆಖರ್ಚಿಗೆ ಬಂದರೆ ಚಿತ್ರ ಬೇರೆ. 60,000 ಡಾಲರ್ ಸಂಬಳದ ನಾಲ್ವರ ಕುಟುಂಬಕ್ಕೆ ಪೆರಿ ತಲೆಗೆ 12,500ರಂತೆ ವಿನಾಯಿತಿ ಕೊಡುತ್ತಿದ್ದರು. ಉಳಿದ 10,000ಕ್ಕೆ ತೆರಿಗೆ 2,000. ಕೇನ್ ಲೆಕ್ಕದಲ್ಲಿ ಆದಾಯಕ್ಕೇ 5,400, ಮೇಲೆ 100 ಡಾಲರ್ ದಿನಸಿಗೆ 9 ಡಾಲರ್. ಆದರೆ ಸಾಮಾಜಿಕ ಭದ್ರತೆಗೆಂದು ಸಂಬಳದಲ್ಲಿ ಆಗುವ ಕಡಿತವನ್ನು ಕೇನ್ ರದ್ದುಮಾಡುತ್ತಿದ್ದರು, ಪೆರಿ ಇಲ್ಲ. ಇದನ್ನು ಮರೆತರೆ ಎದುರಾಳಿ ಬಿಡುವುದಿಲ್ಲ.

ಉಳಿತಾಯ ಮಾಡುವವರ ಪರ ನಿಲ್ಲುವುದಾದರೆ ಕೇನ್. ಸಂಬಳವೆಲ್ಲ ಅಂಗಡಿಗೇ ಹೋಗುವ ಮನೆಗಳ ಪರವಾದರೆ ಪೆರಿ. ಅನ್ನದ ಮೇಲಿನ ತೆರಿಗೆಯನ್ನು ನಾನಂತೂ ಸಮರ್ಥಿಸಲಾರೆ.