‘ರೇಸಿಂಗ್ ಸೈಕಲ್’ ಅಂತ ದುಡ್ಡು ಕೊಡುವ ಮುಂಚೆ ಹಿಂದಿನ ಚಕ್ರ ನೋಡಿ

ಒಂದು ಗಾಡಿಯ ಪಾಡು ಹೇಳುತ್ತೇವೆ, ಕೇಳಿ. ಆನ್‌ಲೈನಿನಲ್ಲಿ ಇಪ್ಪತ್ತೆರಡು ಸಾವಿರಕ್ಕೆ ತರಿಸಿದ ರೋಡ್ ಬೈಕ್. ಅಲಾಯ್ ಫ್ರೇಮ್, ಬಗ್ಗಿದ ಹ್ಯಾಂಡಲ್, 14 ಗೇರ್, ಹಿಂದೆ ಮುಂದೆ ಡಿಸ್ಕ್ ಬ್ರೇಕ್. ವಿವರದಲ್ಲಿ ‘ಪ್ರೊಫೆಷನಲ್ ರೇಸಿಂಗ್’ ಅಂತ ಬರೆದಿತ್ತು. ಕೊಂಡ ಹುಡುಗ ಅದನ್ನೇ ನಂಬಿ ವಾರಾಂತ್ಯಕ್ಕೆ ನಂದಿ ಬೆಟ್ಟ, ಮುಂದೆ 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಅಂತ ತಯಾರಿ ಶುರು ಮಾಡಿದ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಹಿಂದಿನ ಆಕ್ಸಲ್ (ಚಕ್ರದ ನಡುವಿನ ಸರಳು) ಎರಡು ತುಂಡು, ಗೇರಿನ ಕಡೆಯ ಮೂರು ಕಡ್ಡಿ ಮುರಿದಿವೆ, ಎಡಗಡೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಚೌಕ ತೂತು ಸವೆದು ದುಂಡಗಾಗಿದೆ. ಮಾರಿದವರನ್ನು ಕೇಳಿದರೆ ‘ವಾರಂಟಿ ಫ್ರೇಮಿಗೆ ಮಾತ್ರ’ ಅಂದರು. ಫ್ರೇಮಿಗೆ ಏನೂ ಆಗಿರಲೇ ಇಲ್ಲ.

ಇಂಥ ಗಾಡಿಯ ಬಗ್ಗೆ ಎಲ್ಲರೂ ಮೊದಲು ಬೈಯುವುದು ತೂಕವನ್ನು. ಅದು ತಪ್ಪು ಗುರಿ. ಲೆಕ್ಕ ಹಾಕಿ ನೋಡಿ: ಸವಾರ 70 ಕೆ.ಜಿ., ಸೈಕಲ್ 11 ಕೆ.ಜಿ. ನಂದಿಯ ಬುಡದಿಂದ ನೆತ್ತಿಗೆ ಸುಮಾರು 450 ಮೀ. ಏರು ಅಂತ ಹಿಡಿಯಿರಿ. 200 ವಾಟ್ ಶಕ್ತಿಯಲ್ಲಿ ತುಳಿದರೆ ಬರೀ ಏರುವ ಕೆಲಸಕ್ಕೇ ಅರ್ಧ ಗಂಟೆ ಬೇಕು. ಸೈಕಲ್ಲಿನ ತೂಕ ಎರಡೂವರೆ ಕೆ.ಜಿ. ಇಳಿಸಿದರೆ ಉಳಿಯುವುದು ಸುಮಾರು 55 ಸೆಕೆಂಡು. ರೇಸಿನಲ್ಲಿ ಅದು ದೊಡ್ಡ ಅಂತರವೇ. ಆದರೆ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುವ ಬ್ರೆವೆಯಲ್ಲಿ ಒಂದು ಚಹಾ ಕುಡಿಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. 11 ಕೆ.ಜಿ. ಸೈಕಲ್ಲಿನಲ್ಲಿ ಗಂಭೀರವಾಗಿ ಓಡಿಸಬಹುದು. ಓಡಿಸಲಾಗದ್ದು ಹಿಂದಿನ ಚಕ್ರ ನಿಲ್ಲದ ಸೈಕಲ್ಲಿನಲ್ಲಿ.

ಆ ಆಕ್ಸಲ್ ಯಾಕೆ ಮುರಿಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಅಗ್ಗದ ಗಾಡಿಗಳಲ್ಲಿ ಹಿಂದಿನ ಹಲ್ಲುಗಾಲಿಗಳ ಗೊಂಚಲು ಒಂದೇ ಗಂಟಾಗಿರುತ್ತದೆ. ಅದಕ್ಕೆ ಫ್ರೀವೀಲ್ ಅನ್ನುತ್ತಾರೆ. ಅದನ್ನು ಹಬ್ಬಿನ, ಅಂದರೆ ಚಕ್ರದ ನಡುಗಟ್ಟಿನ, ಹೊರಮೈಯ ಮರೆಗೆ (ಸ್ಕ್ರೂವಿನಂಥ ಸುರುಳಿ ಗೀರು) ತಿರುಗಿಸಿ ಕೂರಿಸುತ್ತಾರೆ. ಹಬ್ಬಿನ ಬಲಗಡೆ ಬೇರಿಂಗ್ ಮಾತ್ರ ಒಳಗೇ ಉಳಿಯುತ್ತದೆ. ಬೇರಿಂಗಿನಿಂದ ಫ್ರೇಮಿನ ತನಕ, ಅಂದರೆ ಏಳು ಹಲ್ಲುಗಾಲಿಗಳ ಅಗಲದಷ್ಟು ದೂರ, ಆಕ್ಸಲಿಗೆ ಕೆಳಗಿನಿಂದ ಯಾವ ಆಸರೆಯೂ ಇಲ್ಲ. ಚೈನಿನ ಎಳೆತ, ಸವಾರನ ಭಾರ, ಹಳ್ಳದ ಹೊಡೆತ ಎಲ್ಲವೂ ಆ 10 ಮಿ.ಮೀ. ಸರಳಿನ ಮೇಲೆ ಬೀಳುತ್ತವೆ. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಆ ಸರಳು ಟೊಳ್ಳು ಬೇರೆ. ಹಳೆಯ ಐದು ಗೇರಿನ ಫ್ರೀವೀಲಿನಲ್ಲಿ ಈ ನೇತಾಡುವ ಭಾಗ ಗಿಡ್ಡ ಇತ್ತು, ಹಾಗಾಗಿ ತಡೆಯುತ್ತಿತ್ತು. ಏಳಕ್ಕೆ ಬಂದಾಗ ಉದ್ದವಾಯಿತು. ಇನ್ನೊಂದು ಬಗೆಯಲ್ಲಿ ಹಿಮ್ಮುಖ ತಿರುಗುವ ಭಾಗ ಹಬ್ಬಿನಲ್ಲೇ ಇರುತ್ತದೆ, ಅದು ಫ್ರೀಹಬ್; ಅದರ ಮೇಲೆ ಜಾರಿಸಿ ಕೂರಿಸುವ ಹಲ್ಲುಗಾಲಿಗಳ ಗೊಂಚಲು ಕ್ಯಾಸೆಟ್. ಈ ಫ್ರೀಹಬ್ಬಿನಲ್ಲಿ ಬಲಗಡೆ ಬೇರಿಂಗನ್ನು ಹೊರಗೆ, ಫ್ರೇಮಿನ ಹತ್ತಿರಕ್ಕೆ ತರಬಹುದು. ಸೈಕಲ್ ಬಿಡಿಭಾಗ ಮಾಡುವ ಶಿಮಾನೋ ಕಂಪನಿ ಮಾಡಿರುವುದು ಅದನ್ನೇ. ಆದ್ದರಿಂದ ಅಲ್ಲಿ ಆಕ್ಸಲ್ ಬಾಗುವುದು ಅಪರೂಪ.

ಮುರಿಯುವುದಕ್ಕೂ ಮುಂಚೆ ಅದು ಬಾಗುತ್ತದೆ, ಬಾಗಿದ್ದು ಸುಲಭಕ್ಕೆ ಗೊತ್ತಾಗುವುದಿಲ್ಲ. ಗೇರ್ ಎಷ್ಟು ಹೊಂದಿಸಿದರೂ ಮತ್ತೆ ಹಾರುತ್ತದೆ, ಮೆಕ್ಯಾನಿಕ್ ಕೇಬಲ್ ಬಿಗಿ ಮಾಡಿ ಕಳಿಸುತ್ತಾನೆ. ಚಕ್ರ ಬಿಚ್ಚಿ ಆಕ್ಸಲನ್ನು ಬೆರಳಿನಿಂದ ನಿಧಾನ ತಿರುಗಿಸಿ, ಅದರ ತುದಿಯನ್ನು ನೋಡಿ. ತುದಿ ಒಂದೇ ಕಡೆ ನಿಂತು ತಿರುಗಬೇಕು. ಸಣ್ಣ ವೃತ್ತ ಬಿಡಿಸುತ್ತಿದ್ದರೆ, ಒಂದು ಜಾಗದಲ್ಲಿ ಬಿಗಿ ಇನ್ನೊಂದರಲ್ಲಿ ಸಡಿಲ ಅನ್ನಿಸಿದರೆ, ಬಾಗಿದೆ ಅಂತಲೇ. ಟೊಳ್ಳು ಆಕ್ಸಲ್ ಪೂರ್ತಿ ಮುರಿದರೂ ಒಳಗಿನ ಕ್ವಿಕ್ ರಿಲೀಸ್ ಸರಳು ಎರಡು ತುಂಡುಗಳನ್ನೂ ಹಿಡಿದುಕೊಂಡಿರುತ್ತದೆ. ಗಾಡಿ ಓಡುತ್ತಲೇ ಇರುತ್ತದೆ, ಬೇರಿಂಗಿನ ಗುಂಡುಗಳು ಹಬ್ಬಿನ ಬಟ್ಟಲನ್ನು ಕೊರೆಯುತ್ತಾ ಇರುತ್ತವೆ. ಪಂಕ್ಚರ್ ಹಾಕಲು ಚಕ್ರ ತೆಗೆದಾಗ ತುಂಡು ಕೈಗೆ ಬರುತ್ತದೆ. ಈ ಗಾಡಿಯಲ್ಲೂ ಹಾಗೇ ಆಯಿತು: ಬಲಗಡೆ ಕೋನಿನ (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್) ಬುಡದಲ್ಲಿ ಕತ್ತರಿಸಿದಂತೆ ಮುರಿದಿತ್ತು, ಬಟ್ಟಲು ಆಗಲೇ ಹಾಳಾಗಿತ್ತು.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ, ಅರ್ಧ ನಿಮಿಷ ಸಾಕು. ಹಿಂದಿನ ಚಕ್ರ ಅಲುಗದಂತೆ ಹಿಡಿದು ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ. ಅತಿ ಚಿಕ್ಕ ಹಲ್ಲುಗಾಲಿಯ ನಡುವೆ ಟೂಲ್ ಕೂರುವ ಗೀರುಗಳಿವೆಯಲ್ಲ, ಅವೂ ಹಲ್ಲುಗಾಲಿಗಳ ಜೊತೆ ತಿರುಗಿದರೆ ಕ್ಯಾಸೆಟ್. ಗೀರುಗಳು ನಿಂತೇ ಇದ್ದು ಹಲ್ಲುಗಾಲಿ ಮಾತ್ರ ತಿರುಗಿದರೆ ಫ್ರೀವೀಲ್. ಆನ್‌ಲೈನಿನಲ್ಲಾದರೆ ಹಲ್ಲಿನ ಲೆಕ್ಕ ನೋಡಿ: 14ರಿಂದ 28 ಅಂತಿದ್ದರೆ ಬಹುತೇಕ ಫ್ರೀವೀಲ್, 11ರಿಂದ ಶುರುವಾದರೆ ಸಾಮಾನ್ಯವಾಗಿ ಕ್ಯಾಸೆಟ್. ಹಲ್ಲಿನ ಲೆಕ್ಕವನ್ನೇ ಕೊಡದೆ ‘14 ಸ್ಪೀಡ್’ ಅಂತ ದೊಡ್ಡದಾಗಿ ಬರೆದವರಿಂದ ದೂರ ಇರಿ.

‘ಈಗ ತಗೊಂಡು ಆಮೇಲೆ ಅಪ್‌ಗ್ರೇಡ್ ಮಾಡಿಕೊಳ್ಳೋಣ’ ಅನ್ನುವವರ ಜೇಬು ಖಾಲಿಯಾಗುವುದೂ ಇಲ್ಲೇ. ಫ್ರೀವೀಲ್ ಹಬ್ಬಿಗೆ ಕ್ಯಾಸೆಟ್ ಕೂರುವುದಿಲ್ಲ. ಹಿಂದಿನ ಚಕ್ರವನ್ನೇ ಬದಲಿಸಬೇಕು. ಹಿಂದೆ ಎಂಟು ಗೇರಾದರೆ ಶಿಫ್ಟರ್ (ಗೇರ್ ಬದಲಿಸುವ ಲಿವರ್) ಬೇರೆ, ಚೌಕದ ಕ್ರ್ಯಾಂಕ್ ಸವೆದಿದ್ದರೆ ಅದೂ ಬೇರೆ. ಎಲ್ಲ ಸೇರಿಸಿ ಕೂಡಿದರೆ ಮೊದಲೇ ಕ್ಲಾರಿಸ್ (ಶಿಮಾನೋದ ಎಂಟು ಗೇರಿನ ರೋಡ್ ಬೈಕ್ ಸೆಟ್) ಇರುವ ಗಾಡಿ ಕೊಳ್ಳಬಹುದಿತ್ತು ಅನ್ನುವಷ್ಟಾಗುತ್ತದೆ.

ಕಡ್ಡಿಗಳ ವಿಷಯ. ಯಂತ್ರದಲ್ಲಿ ಬೇಗ ಕಟ್ಟಿದ ಚಕ್ರ ನೋಡಲು ನೆಟ್ಟಗಿರುತ್ತದೆ, ಬಿಗಿ ಮಾತ್ರ ಒಂದೊಂದು ಕಡ್ಡಿಯಲ್ಲಿ ಒಂದೊಂದು. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಬಾಗಿ ನೆಟ್ಟಗಾಗಿ, ಕೊನೆಗೆ ಹಬ್ಬಿನ ಹತ್ತಿರದ ಮೊಣಕೈಯಲ್ಲಿ ಮುರಿಯುತ್ತದೆ. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಹೊಸ ಗಾಡಿ ಬಂದ ವಾರವೇ ಬಲ್ಲ ಮೆಕ್ಯಾನಿಕ್ ಹತ್ತಿರ ಬಿಗಿ ಸಮ ಮಾಡಿಸಿ. ಬೆಂಡ್ ತೆಗೆಸಿದರೆ ಸಾಲದು, ಅದು ಬೇರೆ ಕೆಲಸ. ಒಂದು ಕಡ್ಡಿ ಮುರಿದರೆ ಬದಲಿಸಿ. ಸಾಲಾಗಿ ಮೂರು ಮುರಿದವು ಅಂದರೆ ಉಳಿದವೂ ದಣಿದಿವೆ, ಎಲ್ಲವನ್ನೂ ಬಿಚ್ಚಿ 2 ಮಿ.ಮೀ. ಸ್ಟೇನ್‌ಲೆಸ್ ಕಡ್ಡಿಯಲ್ಲಿ ಹೊಸದಾಗಿ ಕಟ್ಟಿಸಿ. ರಿಮ್ ಒಂದೇ ಪದರದ್ದಾದರೆ ಆ ಖರ್ಚೂ ದಂಡ.

ಡಿಸ್ಕ್ ಬ್ರೇಕ್ ಅನ್ನುವ ಹೆಸರಿಗೆ ಮರುಳಾಗಬೇಡಿ. ಅಗ್ಗದ ಕೇಬಲ್ ಡಿಸ್ಕಿನಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ಡಿಸ್ಕನ್ನು ಬಗ್ಗಿಸಿ ನಿಂತ ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದಂತೆ ನಿಂತ ಪ್ಯಾಡನ್ನು ಅಲನ್ ಕೀಯಿಂದ ಒಳಕ್ಕೆ ತಿರುಗಿಸುತ್ತಾ ಬರಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಸವಾರ ಕೇಬಲ್ ಮಾತ್ರ ಎಳೆಯುತ್ತಾ ಹೋಗುತ್ತಾನೆ, ಒಂದು ದಿನ ಬೆಟ್ಟದ ಇಳಿಜಾರಿನಲ್ಲಿ ಲಿವರ್ ಹ್ಯಾಂಡಲಿಗೆ ತಾಗುತ್ತದೆ. ಪ್ಯಾಡಿನ ದಪ್ಪ ಅರ್ಧ ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ಇದೇ ಬೆಲೆಗೆ ಒಳ್ಳೆಯ ರಿಮ್ ಬ್ರೇಕ್ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ಆರಿಸಿ.

ಗೇರಿನಲ್ಲಿ ನೋಡಬೇಕಾದದ್ದು ಸಂಖ್ಯೆ ಅಲ್ಲ, ಅತಿ ಹಗುರ ಗೇರ್ ಎಷ್ಟು ಅನ್ನುವುದು. ಈ ಗಾಡಿಯಲ್ಲಿ ಮುಂದೆ 52 ಮತ್ತು 42 ಹಲ್ಲು, ಹಿಂದೆ ದೊಡ್ಡದು 28. ಏರಿನಲ್ಲಿ ಗಂಟೆಗೆ 9 ಕಿ.ಮೀ. ವೇಗದಲ್ಲಿದ್ದರೆ ಪೆಡಲ್ ಒಂದು ನಿಮಿಷಕ್ಕೆ 48 ಸುತ್ತು ಮಾತ್ರ ತಿರುಗುತ್ತದೆ, ಮಂಡಿ ನೋವಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಮುಂದೆ 34, ಹಿಂದೆ 32 ಇದ್ದಿದ್ದರೆ ಅದೇ ವೇಗದಲ್ಲಿ 67 ಸುತ್ತು. ಶಿಫ್ಟರ್ ಎಲ್ಲಿದೆ ಅನ್ನುವುದೂ ಮುಖ್ಯ. ಹೆಬ್ಬೆರಳಿನ ಗುಂಡಿ ಇರುವ ಟೂರ್ನಿ (ಶಿಮಾನೋದ ಅಗ್ಗದ ಸೆಟ್) ಲಿವರಿನಲ್ಲಿ ಹ್ಯಾಂಡಲಿನ ಕೆಳಬಾಗು ಹಿಡಿದುಕೊಂಡು ಗೇರ್ ಬದಲಿಸುವುದು ಕಷ್ಟ.

ಕ್ರ್ಯಾಂಕ್ ಹಾಳಾಗಿದ್ದಕ್ಕೆ ಗಾಡಿಯನ್ನು ದೂರುವಂತಿಲ್ಲ, ಜೋಡಿಸಿದ ರೀತಿಯನ್ನು ದೂರಬೇಕು. ‘85% ಜೋಡಿಸಿದೆ’ ಅಂತ ಡಬ್ಬಿಯಲ್ಲಿ ಬರುವ ಗಾಡಿಗೆ ಕೊಡುವ ತೆಳು ಕೀಲಿಯಿಂದ ಕ್ರ್ಯಾಂಕಿನ ಬೋಲ್ಟಿಗೆ ಬೇಕಾದ 35–40 ನ್ಯೂಟನ್ ಮೀಟರ್ ಬಿಗಿ ಬರುವುದೇ ಇಲ್ಲ. ಸಡಿಲ ಕ್ರ್ಯಾಂಕನ್ನು ಒಂದು ದಿನ ತುಳಿದರೂ ಅಲ್ಯೂಮಿನಿಯಂ ತೂತು ಹಿಗ್ಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಎಡ ಪೆಡಲಿನ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಮೊದಲ ಮೂರು ಸುತ್ತು ಬರಿಗೈಯಲ್ಲಿ ಹೋಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ. ಫೋರ್ಕನ್ನು ಹಿಂದುಮುಂದಾಗಿ ಕೂರಿಸಿ ಓಡಿಸುವವರೂ ಇದ್ದಾರೆ. ಮುಂದಿನ ಡಿಸ್ಕ್ ಕ್ಯಾಲಿಪರ್ (ಪ್ಯಾಡ್‌ಗಳಿರುವ ಹಿಡಿಕೆ) ಸವಾರನ ಎಡಗಡೆ ಇರಬೇಕು.

ಹಾಗಾದರೆ ಎಷ್ಟಾದರೆ ಸಾಕು? ಫ್ರೀಹಬ್ ಮತ್ತು ಕ್ಯಾಸೆಟ್, ಎರಡು ಪದರದ ರಿಮ್, ಕನಿಷ್ಠ ಕ್ಲಾರಿಸ್, ಮುಂದೆ 50–34, ಬಿಚ್ಚಿ ಬದಲಿಸಬಹುದಾದ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಯುವ ತುಂಡು), ನಿಮ್ಮ ಅಳತೆಯ ಫ್ರೇಮ್. ‘ಫ್ರೀ ಸೈಜ್’ ಅನ್ನುವುದು ಬಟ್ಟೆಗೆ ಸರಿ. ಇಷ್ಟಿದ್ದರೆ ಅದು ಬಜೆಟ್ ಗಾಡಿಯೇ ಆದರೂ 200, 300 ಕಿ.ಮೀ.ಗೆ ಧೈರ್ಯವಾಗಿ ತೆಗೆದುಕೊಂಡು ಹೋಗಿ. ಕ್ಲಾರಿಸ್‌ಗಿಂತ ಮೇಲಿನ ಸೋರಾ, ಟಿಯಾಗ್ರಾ ಇದ್ದರೆ ಗೇರು ನಯ, ಅಷ್ಟೇ. ಉಳಿದ ದುಡ್ಡಿನಲ್ಲಿ ಮೊದಲು 28 ಮಿ.ಮೀ. ಒಳ್ಳೆಯ ಟೈರ್ ಹಾಕಿಸಿ. 70 ಕೆ.ಜಿ. ಸವಾರನಿಗೆ 75–80 ಪಿಎಸ್‌ಐ ಗಾಳಿ ಸಾಕು.

ಫ್ರೀವೀಲ್ ಗಾಡಿ ಈಗಾಗಲೇ ಮನೆಗೆ ಬಂದಿದ್ದರೆ ಸಮತಟ್ಟು ರಸ್ತೆಯಲ್ಲಿ, ಕೆಲಸಕ್ಕೆ ಹೋಗಿಬರಲು ಬಳಸಿ. ಟೊಳ್ಳು ಆಕ್ಸಲ್ ತೆಗೆಸಿ ನಟ್ ಬಿಗಿಯುವ ಗಟ್ಟಿ ಆಕ್ಸಲ್ ಹಾಕಿಸಿ, ಅದರ ಜೊತೆ 15 ಮಿ.ಮೀ. ಸ್ಪ್ಯಾನರ್ ಬ್ಯಾಗಿನಲ್ಲಿರಲಿ. ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಆಕ್ಸಲಿನ ತುದಿ ತಿರುಗಿಸಿ ನೋಡಿ. ಹಾಗೆ ಹಾಕಿಸಿದ ಆಕ್ಸಲ್ ಮತ್ತೆ ಬಾಗಿದರೆ ಆಕ್ಸಲ್ ಕೂರುವ ಫ್ರೇಮಿನ ಎರಡು ಕಾಲುಗಳು ಸಮಾನಾಂತರ ಇಲ್ಲ ಅಂತ ಅನುಮಾನಪಡಿ, ಮೂರನೆಯದಕ್ಕೆ ದುಡ್ಡು ಹಾಕಬೇಡಿ.